ವರ್ಗವಾಗಿ ಹೋದ ವಿದ್ಯಾಪೀಠ

ಸರಕಾರಿ ಕಚೇರಿಯ ಗುಮಾಸ್ತನಿಗೆ ‘ವರ್ಗ’ ಎಂಬ ಎರಡಕ್ಷರದ ಮಾತು ಕಿವಿಗೆ ಬಿದ್ದರೆ ಸಾಕು, ಕೈಯಲ್ಲಿರುವ ಚಹದ ಬಟ್ಟಲು ಅಲುಗಾಡುತ್ತದೆ. ಮನೆಯ ಬಾಡಿಗೆ, ಮಕ್ಕಳ ಶಾಲೆ, ಹಾಲಿನವನ ಲೆಕ್ಕ ಎಲ್ಲವೂ ಒಮ್ಮೆಗೇ ಕಣ್ಣ ಮುಂದೆ ಬಂದು ಸಾಲಾಗಿ ನಿಲ್ಲುತ್ತವೆ. ವರ್ಗವಾಗುವುದು ಮನುಷ್ಯರಿಗೆ ಮಾತ್ರ ಎಂದು ನಾನು ಬಹುಕಾಲ ತಿಳಿದಿದ್ದೆ. ಒಂದು ವಿಶ್ವವಿದ್ಯಾನಿಲಯಕ್ಕೂ ವರ್ಗವಾಗಬಹುದು, ಅದೂ ನಾನು ಬಾಡಿಗೆಗೆ ಇರುವ ಈ ಬೆಜವಾಡದಿಂದಲೇ ಒಂದಕ್ಕೆ ವರ್ಗವಾಗಿತ್ತು ಎಂಬುದು ಗೊತ್ತಾದದ್ದು ಎರಡು ವರ್ಷದ ಹಿಂದೆ, ತಂಗಿಯನ್ನು ವಾಲ್ಟೇರಿಗೆ ಕರೆದುಕೊಂಡು ಹೋದಾಗ. ಆ ಊರಿನ ಕಥೆಯನ್ನೂ, ಅದರ ನೆಪದಲ್ಲಿ ನನ್ನದೊಂದು ತಪ್ಪಿನ ಕಥೆಯನ್ನೂ ನಮ್ಮ ಸಂಘದ ಬಂಧುಗಳ ಮುಂದೆ ಇಡೋಣವೆಂದು ಈ ನಾಲ್ಕು ಪುಟ ಬರೆಯುತ್ತಿದ್ದೇನೆ.

ಮೊದಲು ನಮ್ಮ ಮನೆಯ ಸಂಗತಿ. ನಮ್ಮದು ಜಮಖಂಡಿಯ ಕಡೆಯ ಹಳ್ಳಿ. ಕೃಷ್ಣಾ ಹೊಳೆಯ ದಂಡೆ. ತಂದೆಯವರು ಪ್ರಾಥಮಿಕ ಶಾಲೆಯ ಮಾಸ್ತರರು. ಅವರಿಗೆ ಇದ್ದದ್ದು ಒಂದೇ ಆಸೆ. “ಮಕ್ಕಳಿಬ್ಬರೂ ಧಾರವಾಡದ ಗುಡ್ಡ ಹತ್ತಬೇಕು” ಎನ್ನುತ್ತಿದ್ದರು. ಗುಡ್ಡವೆಂದರೆ ಕರ್ನಾಟಕ ವಿಶ್ವವಿದ್ಯಾನಿಲಯ ಕುಳಿತಿರುವ ಛೋಟಾ ಮಹಾಬಳೇಶ್ವರದ ಗುಡ್ಡ. ನಾನು ಧಾರವಾಡದಲ್ಲಿ ಬಿ.ಎ. ಮುಗಿಸಿ, ಎಂ.ಎ.ಗೆ ಅರ್ಜಿ ತುಂಬಿ, ಅದನ್ನು ಕೊಡಬೇಕೆಂದಿದ್ದ ವಾರದಲ್ಲೇ ತಂದೆಯವರು ತೀರಿಕೊಂಡರು. ಅರ್ಜಿ ಟ್ರಂಕಿನಲ್ಲಿ ಉಳಿಯಿತು. ನಾನು ಪರೀಕ್ಷೆಗಳಿಗೆ ಕುಳಿತು ಗುಮಾಸ್ತನಾದೆ. ಮೊದಲನೆಯ ನೇಮಕವೇ ವಿಜಯವಾಡಕ್ಕೆ. ಅವ್ವನನ್ನೂ, ಆಗಿನ್ನೂ ಮೂರನೆಯ ಇಯತ್ತೆ ಓದುತ್ತಿದ್ದ ತಂಗಿಯನ್ನೂ ಕಟ್ಟಿಕೊಂಡು ಬಂದಿಳಿದೆ.

ಬಂದ ದಿನವೇ ಅವ್ವ ಇಂದ್ರಕೀಲಾದ್ರಿಯ ಮೆಟ್ಟಿಲು ಹತ್ತಿ ಕನಕದುರ್ಗಮ್ಮನಿಗೆ ಕೈಮುಗಿದಳು, ಮೇಲಿನಿಂದ ಕೆಳಗೆ ಪ್ರಕಾಶಂ ಬ್ಯಾರೇಜಿನ ಹಿಂದೆ ನಿಂತ ನೀರನ್ನು ನೋಡಿ, “ಇದು ನಮ್ಮ ಹೊಳೀನ ಅಲ್ಲೇನು?” ಎಂದಳು. ಹೌದೆಂದೆ. “ಹಂಗಾದರ ಇಲ್ಲಿ ಇರಾಕ ಅಡ್ಡಿಯಿಲ್ಲ” ಎಂದಳು. ಅಂದಿನಿಂದ ಆಕೆಗೆ ಈ ಊರು ಪರಊರಾಗಲಿಲ್ಲ. ನನಗೆ ಮಾತ್ರ ಆ ಬೆಟ್ಟ ಅರ್ಜುನನ ಬೆಟ್ಟ. ಅಣ್ಣತಮ್ಮಂದಿರನ್ನೂ ಹೆಂಡತಿಯನ್ನೂ ಬಿಟ್ಟು, ಪರದೇಶದ ಬೆಟ್ಟಕ್ಕೆ ಬಂದು, ಒಂಟಿಕಾಲಿನಲ್ಲಿ ನಿಂತು ಅಸ್ತ್ರ ಸಂಪಾದಿಸಿದವನ ಕಥೆಯನ್ನು ತಂದೆಯವರು ಕುಮಾರವ್ಯಾಸನ ಅರಣ್ಯಪರ್ವ ಹಿಡಿದು ಓದಿ ಹೇಳುತ್ತಿದ್ದರು. ಕಾಲೇಜು ಕಲಿಯುವುದಕ್ಕೆ ಮನೆ ಬಿಡುವ ಹುಡುಗರೆಲ್ಲ ಅವರ ಲೆಕ್ಕದಲ್ಲಿ ಇಂದ್ರಕೀಲಕ್ಕೆ ಹೊರಟವರೇ.

ತಂಗಿ ಇಲ್ಲಿಯೇ ಬೆಳೆದಳು. ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಇಂಗ್ಲಿಷು, ಅಡಿಗೆಮನೆಯಲ್ಲಿ ಕನ್ನಡ. ಮಾತಿನಲ್ಲಿ ಜಮಖಂಡಿಯ ಗತ್ತು ಉಳಿದಿದ್ದರೂ ಬರೆಯಲು ಕುಳಿತರೆ ತಲಕಟ್ಟು ತೆಲುಗಿನದಾಗುತ್ತಿತ್ತು. ಲೆಕ್ಕದಲ್ಲಿ ಚುರುಕು, ಬಿ.ಎಸ್‌ಸಿ.ಯನ್ನು ಮೊದಲ ದರ್ಜೆಯಲ್ಲಿ ಮುಗಿಸಿದಳು. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್‌ಸಿ. ಮಾಡಬೇಕೆಂದು ಹಟ. “ಧಾರವಾಡಕ್ಕ ಅರ್ಜಿ ಹಾಕು, ನಿಮ್ಮಪ್ಪನ ಮಾತು ಉಳೀಲಿ” ಎಂದು ಅವ್ವ. ಹಾಕುತ್ತೇನೆಂದು ಕಾಗದಪತ್ರಗಳನ್ನೆಲ್ಲ ನಾನೇ ತೆಗೆದುಕೊಂಡೆ. ಇಲ್ಲಿನ ಪ್ರವೇಶ ಪರೀಕ್ಷೆಗೂ ಕಟ್ಟಿಸಿದೆ. ಆಮೇಲೆ ಒಂದು ರಾತ್ರಿ ಕುಳಿತು ಲೆಕ್ಕ ಹಾಕಿದೆ. ಧಾರವಾಡದಲ್ಲಿ ಇಟ್ಟರೆ ಊಟವಸತಿ, ಹೋಗಿಬರುವ ಖರ್ಚು, ಹಬ್ಬಕ್ಕೆ ಹುಣ್ಣಿಮೆಗೆ ಬರಲಾಗದ ದೂರ. ಮಗನ ಶಾಲೆಯ ಶುಲ್ಕ, ಅವ್ವನ ಔಷಧ, ಸಹಕಾರ ಸಂಘದ ಸಾಲದ ಕಂತು. ಎಷ್ಟು ಕೂಡಿ ಕಳೆದರೂ ತಾಳೆಯಾಗಲಿಲ್ಲ. ಬೆಳಗ್ಗೆ ಆ ಕಾಗದಗಳನ್ನು ಕಚೇರಿಗೆ ಒಯ್ದು ಮೇಜಿನ ಖಾನೆಯಲ್ಲಿಟ್ಟೆ. ಕೊನೆಯ ತಾರೀಖು ಬಂತು, ಹೋಯಿತು. ಮನೆಯಲ್ಲಿ “ಧಾರವಾಡದಲ್ಲಿ ಆಗಲಿಲ್ಲ” ಎಂದೆ. ‘ಆಗಲಿಲ್ಲ’ ಎಂಬುದು ಕಚೇರಿಯ ಭಾಷೆಯಲ್ಲಿ ಬಹಳ ಅನುಕೂಲದ ಮಾತು. ಯಾರು ಮಾಡಲಿಲ್ಲ ಎಂಬುದು ಅದರಲ್ಲಿ ಕಾಣುವುದಿಲ್ಲ. ಅಷ್ಟರಲ್ಲಿ ಆಂಧ್ರ ವಿಶ್ವವಿದ್ಯಾನಿಲಯದಲ್ಲಿ ಆಕೆಗೆ ಜಾಗ ಸಿಕ್ಕ ಸುದ್ದಿ ಬಂದಿತು. ಅವ್ವ ಮೂರು ದಿನ ನನ್ನೊಡನೆ ಹೆಚ್ಚು ಮಾತಾಡಲಿಲ್ಲ.

ಬೆಳಗಿನ ಗಾಡಿ ಹಿಡಿದು ಹೊರಟೆವು. ವಿಜಯವಾಡದಿಂದ ವಿಶಾಖಪಟ್ಟಣ ಸುಮಾರು ಮುನ್ನೂರೈವತ್ತು ಕಿಲೋಮೀಟರು. ಆರೇಳು ತಾಸಿನ ದಾರಿ. ಗೋದಾವರಿಯ ಸೇತುವೆಯ ಮೇಲೆ ಗಾಡಿ ಹೋಗುವಾಗ ಡಬ್ಬಿಯವರೆಲ್ಲ ಕಿಟಕಿಯಿಂದ ನಾಣ್ಯ ಎಸೆದರು, ತಂಗಿಯೂ ಎಸೆದಳು. ಅನಕಾಪಲ್ಲಿ ದಾಟಿದ ಮೇಲೆ ಬೆಟ್ಟಗಳು ಹತ್ತಿರ ಬಂದವು. ವಿಶಾಖಪಟ್ಟಣದ ನಿಲ್ದಾಣಕ್ಕೆ ಹಿಂದೆ ವಾಲ್ಟೇರು ಎಂದೇ ಹೆಸರಿತ್ತು. ಹಳಬರ ಬಾಯಲ್ಲಿ ಇಂದಿಗೂ ಆ ಹೆಸರಿದೆ. ಊರು ಎರಡು ತೆರನಾದದ್ದು. ಕೆಳಗೆ ರೇವು, ಡಾಲ್ಫಿನ್ ನೋಸ್ ಎಂಬ ಮೂಗಿನಾಕಾರದ ಗುಡ್ಡ, ಹಡಗುಕಟ್ಟೆ, ಕಾರ್ಖಾನೆಗಳ ಹೊಗೆ. ಮೇಲೆ ಕೆಂಪುಮಣ್ಣಿನ ದಿಣ್ಣೆಗಳ ಮೇಲೆ ವಾಲ್ಟೇರು. ಅಲ್ಲಿ ನಾನೂರು ಎಕರೆಗೂ ಮಿಕ್ಕಿದ ಬಯಲಿನಲ್ಲಿ ವಿಶ್ವವಿದ್ಯಾನಿಲಯ. ಎಲ್ಲಿ ನಿಂತರೂ ಕಡಲಿನ ಗಾಳಿ. ನಗರಸಾರಿಗೆಯ ನಿಲುಗಡೆಗಳಿಗೆ ಕೂಡ ವಿದ್ಯಾಪೀಠದ ಹೆಸರೇ. ‘ಇನ್ ಗೇಟು’, ‘ಔಟ್ ಗೇಟು’ ಎಂದು ಕೂಗುತ್ತಾರೆ. ನಮ್ಮ ಧಾರವಾಡದಲ್ಲಿ ಮಳೆ ಹೇಗೆ ಮಾಸ್ತರರ ಹಾಗೂ ಕವಿಗಳ ಒಡನಾಡಿಯೋ ಇಲ್ಲಿ ಕಡಲು ಹಾಗೆ. ಇಂಗ್ಲೆಂಡಿನ ಆಕ್ಸ್‌ಫರ್ಡು, ದಕ್ಷಿಣ ಆಫ್ರಿಕದ ಸ್ಟೆಲೆನ್‌ಬಾಷು, ನಮ್ಮ ಧಾರವಾಡ ಇವೆಲ್ಲ ವಿದ್ಯೆಯಿಂದಲೇ ಹೆಸರಾದ ಊರುಗಳು. ವಾಲ್ಟೇರೂ ಆ ಪಂಕ್ತಿಯದೇ. ಆದರೆ ಸುತ್ತಲೂ ಹಡಗು ಉಕ್ಕುಗಳ ದೊಡ್ಡ ಪಟ್ಟಣ ಬೆಳೆದು, ನಡುವೆ ಅದೊಂದು ದ್ವೀಪದಂತೆ ಉಳಿದಿದೆ.

ಪ್ರವೇಶದ ಸರದಿಯಲ್ಲಿ ತಂಗಿ ನಿಂತಿದ್ದಾಗ ಮರದ ಕೆಳಗಿನ ಕಟ್ಟೆಯ ಮೇಲೆ ನನ್ನ ಪಕ್ಕಕ್ಕೆ ಒಬ್ಬ ವೃದ್ಧರು ಕುಳಿತರು. ಮೊಮ್ಮಗನನ್ನು ಸೇರಿಸಲು ಬಂದವರು. ಹಿಂದೆ ತಾವೂ ಒಂದು ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ನಮ್ಮ ನಮ್ಮ ಜಾತಿ, ಎಂದರೆ ಗುಮಾಸ್ತರ ಜಾತಿ, ತಿಳಿದೊಡನೆ ಮಾತು ಸಲೀಸಾಯಿತು. ನಾನು ಬೆಜವಾಡದವನೆಂದಾಗ ನಕ್ಕು, “ಹಾಗಾದರೆ ಇದು ನಿಮ್ಮಿಂದ ನಾವು ಕಿತ್ತುಕೊಂಡ ಸೊತ್ತು” ಎಂದರು. ಅಲ್ಲಿಂದ ಕಥೆ ಸುರುವಾಯಿತು. ಅವರು ಹೇಳಿದ್ದನ್ನೂ, ಆಮೇಲೆ ನಾನು ಓದಿ ತಿಳಿದದ್ದನ್ನೂ ಕೂಡಿಸಿ ಹೇಳುತ್ತೇನೆ.

ಮದರಾಸು ಪ್ರಾಂತದ ಶಾಸನದಂತೆ ಆಂಧ್ರ ವಿಶ್ವವಿದ್ಯಾನಿಲಯ ಹುಟ್ಟಿದ್ದು 1926ರಲ್ಲಿ, ಬೆಜವಾಡದಲ್ಲಿ. 2026ಕ್ಕೆ ನೂರು ವರ್ಷ. ಎಲ್ಲಿ ನೆಲೆಗೊಳಿಸಬೇಕೆಂಬ ಬಗ್ಗೆ ಆಗ ದೊಡ್ಡ ವಾದ. ಒಂದೊಂದು ಊರಿಗೂ ಅದರದೇ ವಕೀಲರು. ಕೊನೆಗೆ 1930ರಲ್ಲಿ ಅದು ವಾಲ್ಟೇರಿಗೆ ಹೋಯಿತು. ರಾಯಲಸೀಮೆಯವರ ಮನಸ್ಸಿನಲ್ಲಿ ಈ ಕೊರಗು ಉಳಿದದ್ದರಿಂದಲೇ 1937ರ ಶ್ರೀಬಾಗ್ ಒಡಂಬಡಿಕೆಯಲ್ಲಿ ಅನಂತಪುರದಲ್ಲಿಯೂ ಒಂದು ಕೇಂದ್ರವಾಗಬೇಕೆಂಬ ಮಾತು ಸೇರಿತು. ವರ್ಗದ ಕಾಟ ಅಷ್ಟಕ್ಕೇ ಮುಗಿಯಲಿಲ್ಲ. 1942ರ ಏಪ್ರಿಲ್ 6ರಂದು ಜಪಾನೀ ವಿಮಾನಗಳು ವಿಶಾಖಪಟ್ಟಣದ ಮೇಲೆ ಬಾಂಬು ಹಾಕಿದವು. ವಿದ್ಯಾಪೀಠ ಗಂಟುಮೂಟೆ ಕಟ್ಟಿಕೊಂಡು ಗುಂಟೂರಿಗೆ ಹೋಗಬೇಕಾಯಿತು. ಯುದ್ಧ ಮುಗಿದ ಮೇಲೆ ಮರಳಿ ಬಂದಿತು. “ನಮಗಾದರೂ ವರ್ಗದ ಭತ್ಯ ಬರುತ್ತದೆ, ಪಾಪ ಅದಕ್ಕೆ ಏನು ಬಂತು?” ಎಂದರು ವೃದ್ಧರು. ನಮ್ಮ ಕರ್ನಾಟಕ ವಿಶ್ವವಿದ್ಯಾನಿಲಯವೂ 1949ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ ಅಲ್ಲಿಂದ ಧಾರವಾಡಕ್ಕೆ ಬಂದದ್ದೆಂಬುದು ಆಗ ನನಗೆ ನೆನಪಾಯಿತು. ತಂದೆಯವರ ಗುಡ್ಡವೂ ವರ್ಗವಾಗಿ ಬಂದವರದೇ!

ಇದಕ್ಕಿಂತ ನನ್ನನ್ನು ಬೆರಗುಗೊಳಿಸಿದ್ದು ಇನ್ನೊಂದು ಸಂಗತಿ. ವಿದ್ಯಾಪೀಠದ ಮೊದಲನೆಯ ಉಪಕುಲಪತಿಗಳು ಕಟ್ಟಮಂಚಿ ರಾಮಲಿಂಗಾರೆಡ್ಡಿಯವರು. ಸಿರಿಪುರಂ ಕಡೆಯ ಘಟಿಕೋತ್ಸವ ಮಂದಿರಕ್ಕೆ ಅವರದೇ ಹೆಸರು. ಚಿತ್ತೂರಿನ ಕಡೆಯವರು, ಕೇಂಬ್ರಿಜ್ಜಿನಲ್ಲಿ ಓದಿದವರು. ಆದರೆ ವಾಲ್ಟೇರಿಗೆ ಬರುವ ಮುಂಚೆ ಅವರು ಎಲ್ಲಿದ್ದರು? ನಮ್ಮ ಮೈಸೂರಿನಲ್ಲಿ! ಮಹಾರಾಜಾ ಕಾಲೇಜಿನ ಪ್ರಾಧ್ಯಾಪಕರು, ಆಮೇಲೆ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಮುಖ್ಯಾಧಿಕಾರಿಗಳು. ಕೀಳೆಂದು ಹೊರಗಿಟ್ಟ ಜಾತಿಯ ಮಕ್ಕಳಿಗೂ ಸರಕಾರಿ ಶಾಲೆಯ ಬಾಗಿಲು ತೆರೆಯಬೇಕೆಂದು ದುಡಿದವರಲ್ಲಿ ಒಬ್ಬರು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಗುವ ಮುನ್ನ, ಬೇರೆ ದೇಶಗಳ ವಿದ್ಯಾಲಯಗಳು ಹೇಗಿವೆಯೆಂದು ಅಭ್ಯಾಸ ಮಾಡಿದವರು ಡೆನ್‌ಹ್ಯಾಮ್ ಎಂಬವರೂ ಈ ರೆಡ್ಡಿಯವರೂ. ಎಂದರೆ ನಮ್ಮದೆಂದು ನಾವು ಬೀಗುವ ಮೈಸೂರಿನ ವಿದ್ಯಾಮಂದಿರದ ಬುನಾದಿಯಲ್ಲಿ ಒಬ್ಬ ತೆಲುಗರ ಕೈಯಿದೆ. ಅವರದೆಂದು ನಾನು ಮುಖ ತಿರುಗಿಸುತ್ತಿದ್ದ ವಾಲ್ಟೇರಿನ ಬುನಾದಿಯಲ್ಲಿ ಮೈಸೂರಿನಲ್ಲಿ ಪಳಗಿದ ಕೈಯಿದೆ.

ರೆಡ್ಡಿಯವರು 1930ರಲ್ಲಿ, ಸರಕಾರದ ದಬ್ಬಾಳಿಕೆಗೆ ಪ್ರತಿಭಟನೆಯಾಗಿ ರಾಜೀನಾಮೆ ಕೊಟ್ಟರು. ಅವರ ಪೀಠಕ್ಕೆ 1931ರಲ್ಲಿ ಬಂದವರು ಸರ್ವೇಪಲ್ಲಿ ರಾಧಾಕೃಷ್ಣನ್. ಅವರೂ ಮೈಸೂರಿನವರೇ ಎನ್ನಬೇಕು. 1918ರಿಂದ 1921ರವರೆಗೆ ಮಹಾರಾಜಾ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಹೇಳಿದವರು. ಅವರು ಕಲಕತ್ತೆಗೆ ಹೊರಟ ದಿನ ವಿದ್ಯಾರ್ಥಿಗಳು ಕುದುರೆ ಬಿಚ್ಚಿ ತಾವೇ ಗಾಡಿ ಎಳೆದ ಕಥೆಯನ್ನು ತಂದೆಯವರು ಪ್ರತಿ ಶಿಕ್ಷಕರ ದಿನಕ್ಕೂ ಹೇಳುತ್ತಿದ್ದರು. ಅವರ ಐದು ವರ್ಷದಲ್ಲಿ ವಾಲ್ಟೇರಿಗೆ ಹುಮಾಯೂನ್ ಕಬೀರರು, ಹೀರೇನ್ ಮುಖರ್ಜಿಯವರು ಮೊದಲಾದ ದೂರದ ಬಂಗಾಳದ ತರುಣರು ಪಾಠ ಹೇಳಲು ಬಂದರು. 1933ರಲ್ಲಿ ರವೀಂದ್ರನಾಥ ಠಾಕೂರರೇ ಬಂದು ಉಪನ್ಯಾಸ ಮಾಡಿದರು. ವಿಜ್ಞಾನದ ಕಾಲೇಜಿಗೆ ಹಣ ಬಂದದ್ದು ಒಡಿಯಾ ಸೀಮೆಯ ಜಯಪುರದಿಂದ. ಅಲ್ಲಿನ ಮಹಾರಾಜ ವಿಕ್ರಮದೇವ ವರ್ಮರ ದಾನ ವರ್ಷಕ್ಕೆ ಒಂದು ಲಕ್ಷ ರೂಪಾಯಿ. 1936ರಲ್ಲಿ ರೆಡ್ಡಿಯವರು ಹಿಂದಿರುಗಿ 1949ರವರೆಗೆ ನಡೆಸಿದರು. ಅಲ್ಲಿ ಭೌತವಿಜ್ಞಾನ ಕಲಿಸಿದ ಸೂರಿ ಭಗವಂತಂ ಅವರು 1957ರಲ್ಲಿ ನಮ್ಮ ಬೆಂಗಳೂರಿನ ವಿಜ್ಞಾನ ಮಂದಿರದ ನಿರ್ದೇಶಕರಾದರು. ಹೀಗೆ ಒಂದು ಕೈ ಕೊಟ್ಟದ್ದು, ಒಂದು ಕೈ ತೆಗೆದುಕೊಂಡದ್ದು. ಕಡಲ ಅಭ್ಯಾಸದಲ್ಲಿಯೂ ಈ ವಿದ್ಯಾಪೀಠ ಹೆಸರಾದದ್ದು. ಅಮೆರಿಕದ ಲಫಾಂಡ್ ಎಂಬ ವಿದ್ವಾಂಸರು 1950ರ ದಶಕದಲ್ಲಿ ಇಲ್ಲಿಗೆ ಬಂದು ಕಡಲ ತಳವನ್ನು ಅಳೆದಾಗ, ನೀರಿನಡಿಯ ಕಣಿವೆಗಳಿಗೆ ಇಲ್ಲಿನ ಭೂವಿಜ್ಞಾನಿ ಮಹಾದೇವನ್ ಅವರ, ಆಗಿನ ಉಪಕುಲಪತಿ ವಿ. ಎಸ್. ಕೃಷ್ಣ ಅವರ ಹೆಸರಿಟ್ಟರು. ನಮ್ಮ ಕಚೇರಿಯಲ್ಲಿ ಕುರ್ಚಿಯ ಬೆನ್ನಿಗೆ ಹೆಸರು ಬರೆಸಿಕೊಳ್ಳುವುದಕ್ಕೂ ಮೇಲಿನವರ ಅಪ್ಪಣೆ ಬೇಕು!

ರೆಡ್ಡಿಯವರ ವಿಷಯದಲ್ಲಿ ಇನ್ನೊಂದು ಮಾತು. ಅವರು ತಾರುಣ್ಯದಲ್ಲಿ ‘ಮುಸಲಮ್ಮ ಮರಣಂ’ ಎಂಬ ತೆಲುಗು ಕಾವ್ಯ ಬರೆದರು. ಅನಂತಪುರದ ಬಳಿಯ ಬುಕ್ಕರಾಯಸಮುದ್ರದ ಕೆರೆ ಒಡೆಯುವ ಹೊತ್ತಿನಲ್ಲಿ ಊರನ್ನುಳಿಸಲು ಪ್ರಾಣಕೊಟ್ಟ ಸೊಸೆಯ ಕಥೆ ಅದು. ಕೇಳಿದೊಡನೆ ನಮ್ಮ ‘ಕೆರೆಗೆ ಹಾರ’ದ ಭಾಗೀರಥಿ ನೆನಪಾಗುವುದಿಲ್ಲವೇ? ಎರಡು ಭಾಷೆಯ ಹೆಣ್ಣುಮಕ್ಕಳು ಒಂದೇ ತೆರನಾಗಿ ನೀರಿಗೆ ಹೋದರು. ಹೋಗುತ್ತೀಯಾ ಎಂದು ಭಾಗೀರಥಿಯನ್ನಂತೂ ಯಾರೂ ಕೇಳಲಿಲ್ಲ. ವೃದ್ಧರು ಆ ಕಥೆ ಹೇಳಿದಾಗ ನನ್ನ ಮೇಜಿನ ಖಾನೆ ಕಣ್ಣ ಮುಂದೆ ಬಂತು. ಎಲ್ಲಿಯ ಹೋಲಿಕೆ, ಎಲ್ಲಿಯ ಖಾನೆ ಎಂದು ನಗಬೇಡಿ. ಮನೆಯ ಹಿತಕ್ಕಾಗಿ ಹೆಣ್ಣುಮಗಳ ಪಾಲಿನ ನಿರ್ಣಯವನ್ನು ಗಂಡಸು ಒಬ್ಬನೇ ಕುಳಿತು ಮಾಡಿ ಮುಗಿಸುವುದು ಕೆರೆಯ ಕಾಲದಿಂದ ನಡೆದುಬಂದ ಪದ್ಧತಿ.

ಸಂಜೆ ಸಮುದ್ರದ ದಂಡೆಗೆ ಹೋದೆವು. ಪ್ರವೇಶದ ಚೀಟಿ ಸಿಕ್ಕ ಹಿಗ್ಗಿನಲ್ಲಿ ತಂಗಿ ಕಡಲೆಕಾಯಿ ಕೊಂಡು ನನ್ನ ಕೈಗೂ ಕೊಟ್ಟಳು. “ಧಾರವಾಡದಲ್ಲಿ ಸಿಕ್ಕಿದ್ದರೂ ನಾನು ಇಲ್ಲಿಗೇ ಬರುತ್ತಿದ್ದೆ ಅಣ್ಣಾ” ಎಂದಳು, ನನ್ನನ್ನು ಸಮಾಧಾನಪಡಿಸುವುದಕ್ಕೆ. ಆ ಸಮಾಧಾನವನ್ನು ಸುಮ್ಮನೆ ಜೇಬಿಗಿಳಿಸಬಹುದಾಗಿತ್ತು, ಆಗಲಿಲ್ಲ. ಅರ್ಜಿಯನ್ನು ನಾನು ಕಳಿಸಿಯೇ ಇರಲಿಲ್ಲವೆಂದು ಹೇಳಿಬಿಟ್ಟೆ.

ಆಕೆ ಬಹಳ ಹೊತ್ತು ತೆರೆಗಳನ್ನು ನೋಡುತ್ತ ಕುಳಿತಳು. ಅತ್ತಿದ್ದರೆ ನನಗೆ ಹಗುರಾಗುತ್ತಿತ್ತು. ಕೊನೆಗೆ, “ಬೇಡ ಅನ್ನುವ ಮಾತು ನನ್ನ ಬಾಯಿಂದ ಬರಬೇಕಾಗಿತ್ತು, ನಿನ್ನ ಖಾನೆಯಿಂದಲ್ಲ” ಎಂದಳು. ಅಷ್ಟೇ. ಮರುದಿನ ವಸತಿಗೃಹದಲ್ಲಿ ಬಿಟ್ಟು ಹೊರಟಾಗ ಕಾಲಿಗೆ ನಮಸ್ಕರಿಸಿದಳು, ಮಾತಾಡಲಿಲ್ಲ.

ಮನೆಗೆ ಬಂದು ಅವ್ವನಿಗೂ ಹೇಳಿದೆ. ಆಕೆ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಲಿಲ್ಲ. ಒಂದು ರೊಟ್ಟಿ ಬೇಯಿಸಿ ಬುಟ್ಟಿಗೆ ಹಾಕಿ, “ನಿನ್ನ ಅರ್ಜಿ ತಪ್ಪಿಸಿದ್ದು ದೈವ. ಆಕೀ ಅರ್ಜಿ ತಪ್ಪಿಸಿದಾಂವ ನೀನು” ಎಂದಳು. ಹದಿಮೂರು ವರ್ಷ ನಾನು ಮನೆಗಾಗಿ ಮಾಡಿದ ತ್ಯಾಗದ ಒಂದು ದೊಡ್ಡ ಲೆಕ್ಕ ನನ್ನ ಮನಸ್ಸಿನಲ್ಲಿತ್ತು. ಆ ಒಂದು ಮಾತಿನಿಂದ ಅದರ ಕೆಳಗಿನ ಮೊತ್ತ ಅಳಿಸಿಹೋಯಿತು. ನನಗೆ ತಪ್ಪಿದ್ದು ಆಕೆಗೂ ತಪ್ಪಿದರೆ ಏನು ಮಹಾ ಎಂಬ ಒಂದು ಸಣ್ಣ ಹುಳ ನನ್ನೊಳಗೆ ಇತ್ತೇ? ಹಣದ ಅಡಚಣೆ ಸುಳ್ಳಲ್ಲ. ಆದರೆ ಹಣ ಸಾಲದು ಎಂದು ಎದುರಿಗೆ ಕುಳಿತು ಹೇಳುವುದಕ್ಕೆ ಹಣ ಬೇಕಾಗಿರಲಿಲ್ಲ.

ಎರಡು ತಿಂಗಳು ತಂಗಿಯಿಂದ ಅವ್ವನಿಗೆ ಮಾತ್ರ ದೂರವಾಣಿ ಕರೆ ಬರುತ್ತಿತ್ತು. ಮೂರನೆಯ ತಿಂಗಳಿಗೆ ನನ್ನ ಹೆಸರಿಗೆ ಅಂಚೆಯಲ್ಲಿ ಒಂದು ಲಕೋಟೆ ಬಂದಿತು. ಒಳಗೆ ಎರಡು ಹಾಳೆಯ ಕಾಗದ, ಕನ್ನಡದಲ್ಲಿ! ಳಕಾರ ಇರಬೇಕಾದಲ್ಲಿ ಲಕಾರ, ದೀರ್ಘಗಳು ಅಡ್ಡಾದಿಡ್ಡಿ, ಆದರೂ ಕನ್ನಡ. ಕೋಪದ ಮಾತು ಅದರಲ್ಲಿ ಇರಲಿಲ್ಲ, ಕ್ಷಮೆಯ ಮಾತೂ ಇರಲಿಲ್ಲ. ತನ್ನ ಶಾಸ್ತ್ರದಲ್ಲಿ ಜಗತ್ತೇ ಮನ್ನಿಸಿದ ಸಿ. ಆರ್. ರಾವ್ ಅವರ ಕಥೆ ಬರೆದಿದ್ದಳು. ಅವರು ಹುಟ್ಟಿದ್ದು 1920ರಲ್ಲಿ ನಮ್ಮ ಹೂವಿನಹಡಗಲಿಯಲ್ಲಿ. ಮನೆಮಾತು ತೆಲುಗು. ತಂದೆ ಪೊಲೀಸು ಇನ್‌ಸ್ಪೆಕ್ಟರು. ವರ್ಗದ ಮೇಲೆ ವರ್ಗವಾಗಿ ಮಕ್ಕಳ ಶಾಲೆ ಊರೂರು ಸುತ್ತಿತು. ನಿವೃತ್ತರಾದ ಮೇಲೆ ಮಕ್ಕಳ ಓದಿಗಾಗಿ ವಿಶಾಖಪಟ್ಟಣದಲ್ಲಿ ನೆಲೆಸಿದರು. ಹುಡುಗ ಆಂಧ್ರ ವಿಶ್ವವಿದ್ಯಾನಿಲಯದಲ್ಲಿ ಗಣಿತದ ಎಂ.ಎ. ಮಾಡಿ, ಕೆಲಸ ಹುಡುಕಿಕೊಂಡು ಕಲಕತ್ತೆಗೆ ಹೋದವನು ಅಲ್ಲಿ ಸಂಖ್ಯಾಶಾಸ್ತ್ರಕ್ಕೆ ತಗುಲಿಕೊಂಡ. 1945ರಲ್ಲಿ, ಇಪ್ಪತ್ತೈದು ತುಂಬಿದ್ದಾಗ, ಬರೆದ ಲೇಖನವೊಂದರಿಂದ ಅವರ ಹೆಸರು ಪಠ್ಯಪುಸ್ತಕಗಳಲ್ಲಿ ಶಾಶ್ವತವಾಯಿತು. ನೂರೆರಡು ವರ್ಷ ಬದುಕಿ 2023ರಲ್ಲಿ ತೀರಿಕೊಂಡರು. ಇಷ್ಟು ಬರೆದು ಕೊನೆಗೆ ಒಂದು ಸಾಲು: “ಅಣ್ಣಾ, ಅವರೂ ನಮ್ಮಂತೆ ವರ್ಗದವರ ಮನೆಯ ಮಕ್ಕಳೇ. ಆ ಕಡೆಯಿಂದ ಈ ಕಡೆಗೆ ಬಂದವರು.”

ಅವ್ವ ಏಳನೆಯ ಇಯತ್ತೆಯವರೆಗೆ ಓದಿದವಳು. ಕಾಗದ ಓದಿಸಿಕೊಂಡು ಕೇಳಲಿಲ್ಲ. ತಾನೇ ಕಣ್ಣಿಗೆ ಹತ್ತಿರ ಹಿಡಿದು ಓದಿದಳು. ಆಮೇಲೆ ಮೊಮ್ಮಗನ ಕಂಪಾಸು ಪೆಟ್ಟಿಗೆಯಿಂದ ಕೆಂಪು ಸೀಸದ ಕಡ್ಡಿ ತರಿಸಿ, ತಂದೆಯವರು ಶಾಲೆಯ ಪಾಟಿ ತಿದ್ದುತ್ತಿದ್ದಂತೆ, ಲಕಾರಗಳನ್ನು ಳಕಾರ ಮಾಡಿ, ದೀರ್ಘ ಎಳೆದು, ಅದೇ ಹಾಳೆಗಳನ್ನು ಮರಳಿ ವಾಲ್ಟೇರಿಗೆ ಕಳಿಸೆಂದಳು. ಕಳಿಸಿದೆ, ಈ ಸಲ ಅಂಚೆಪೆಟ್ಟಿಗೆಗೆ ನಾನೇ ಹೋಗಿ ಹಾಕಿದೆ. ಅಂದಿನಿಂದ ತಿಂಗಳಿಗೊಂದು ಕಾಗದ ಬರುತ್ತದೆ, ತಿದ್ದಿಸಿಕೊಂಡು ಹೋಗುತ್ತದೆ. ಕೆಂಪು ಗುರುತುಗಳು ಈಚೆಗೆ ಕಡಮೆಯಾಗಿವೆ. ಹೋದ ರಜೆಯಲ್ಲಿ ಎಲ್ಲರೂ ಕೂಡಿ ಸಿಂಹಾಚಲಕ್ಕೆ ಹೋಗಿದ್ದೆವು. ಕೃಷ್ಣದೇವರಾಯ 1516ರಲ್ಲಿ ಅಲ್ಲಿಗೆ ಬಂದು ಸ್ವಾಮಿಗೆ ಆಭರಣ ಒಪ್ಪಿಸಿದ ಸಂಗತಿಯನ್ನು ತಂಗಿಯೇ ಅವ್ವನಿಗೆ ವಿವರಿಸಿ ಹೇಳಿದಳು. “ಹಂಪಿಯಿಂದ ಇಷ್ಟು ದೂರ ನಡಕೊಂಡು ಬಂದನೇನು?” ಎಂದು ಅವ್ವ ಕೇಳಿದಳು. ನನ್ನ ಮುಖ ನೋಡಿ ತಂಗಿ ನಕ್ಕಳು. ಎರಡು ವರ್ಷದಲ್ಲಿ ಅದು ನನ್ನ ಪಾಲಿಗೆ ಬಂದ ಮೊದಲನೆಯ ನಗೆ.

ಆಕೆಯ ಕೊನೆಯ ಪರೀಕ್ಷೆಗಳು ಹತ್ತಿರವಾಗಿವೆ. ಮುಂದೆ ಎಲ್ಲಿಗೆ ಎಂಬ ಮಾತು ಮನೆಯಲ್ಲಿ ಎದ್ದಿದೆ: ಬೆಂಗಳೂರೋ, ಕಲಕತ್ತೆಯೋ, ವಾಲ್ಟೇರಿನಲ್ಲಿಯೇ ಸಂಶೋಧನೆಯೋ, ಇಲ್ಲವೆ ಧಾರವಾಡವೋ. ನನ್ನ ಸಂಬಳದ ಚೀಟಿ, ಸಾಲದ ಕಂತು, ಉಳಿತಾಯದ ಪುಸ್ತಕ ಮೂರನ್ನೂ ಆಕೆಯ ಮುಂದೆ ಇಟ್ಟಿದ್ದೇನೆ. ಲೆಕ್ಕ ಕಲಿತವಳು, ಲೆಕ್ಕ ಆಕೆಯೇ ಹಾಕಲಿ.

ಹೊರನಾಡಿನಲ್ಲಿರುವ ನಾವು ಮಕ್ಕಳ ಓದಿನ ಮಾತು ಬಂದಾಗ ‘ನಮ್ಮ ಊರು’, ‘ಅವರ ಊರು’ ಎಂದು ಬಹಳ ತೂಗುತ್ತೇವೆ. ವಾಲ್ಟೇರನ್ನು ನೋಡಿದ ಮೇಲೆ ನನಗೆ ಆ ತಕ್ಕಡಿಯ ಮೇಲೆ ಮೊದಲಿನ ನಂಬಿಕೆ ಉಳಿದಿಲ್ಲ. ಮೈಸೂರಿನವರು ಕಟ್ಟಿದ್ದನ್ನು ತೆಲುಗರು ಓದಿದರು, ತೆಲುಗರು ಕಟ್ಟಿದ್ದನ್ನು ಹಡಗಲಿಯಲ್ಲಿ ಹುಟ್ಟಿದವರು ಓದಿದರು. ಊರು ಯಾವುದಾದರೂ ಆಗಲಿ. ಅರ್ಜಿ ಮಾತ್ರ ಮಕ್ಕಳದು. ಇಂದ್ರಕೀಲಕ್ಕೆ ಅರ್ಜುನನನ್ನು ಧರ್ಮರಾಯ ಹೇಳಿಯೇ ಕಳಿಸಿದ, ಖಾನೆಯಲ್ಲಿಟ್ಟು ಮುಚ್ಚಲಿಲ್ಲ. ನನ್ನ ಮೇಜಿನ ಖಾನೆಯಲ್ಲಿ ಆ ಕಾಗದಗಳು ಈಗ ಇಲ್ಲ. ಟ್ರಂಕಿನಲ್ಲಿ ನನ್ನ ಹಳೆಯ ಅರ್ಜಿಯ ಪಕ್ಕಕ್ಕೆ ಇಟ್ಟಿದ್ದೇನೆ. ಮಗ ದೊಡ್ಡವನಾಗಿ ಎಲ್ಲಿಗೋ ಹೊರಡುವ ದಿನ ಎರಡನ್ನೂ ತೆಗೆದು ತೋರಿಸಬೇಕೆಂದಿದ್ದೇನೆ.